ಹಕ್ಕಿ ರಾತ್ರಿ ಕಳೆಯುವ ಜಾಗಕ್ಕೆ ಏನನ್ನುತ್ತೀರಿ? (ಗೂಡು ಬೇಡ)

ಚಳಿಗಾಲದ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದೇನೆ, ಒಂದು ಪದ ಸಿಗುತ್ತಿಲ್ಲ. ಇಂಗ್ಲಿಷಿನವರು ರೂಸ್ಟ್ ಅನ್ನುತ್ತಾರಲ್ಲ, ಅದಕ್ಕೆ ನೀವು ಏನು ಬಳಸುತ್ತೀರಿ?

ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ವೇಳಾವದರ್ ಅಂತ ಕೃಷ್ಣಮೃಗಗಳ ರಾಷ್ಟ್ರೀಯ ಉದ್ಯಾನ ಇದೆ. ಸುಮಾರು 34 ಚದರ ಕಿಲೋಮೀಟರ್, ಬಹುಪಾಲು ಬಟ್ಟಬಯಲು ಹುಲ್ಲು. ಚಳಿಗಾಲ ಬಂತೆಂದರೆ ಮಧ್ಯ ಏಷ್ಯಾ ಕಡೆಯಿಂದ ಹ್ಯಾರಿಯರ್‌ಗಳು, ಅಂದರೆ ನಮ್ಮ ಪಕ್ಷಿಪಟ್ಟಿಗಳಲ್ಲಿ ಸೆಳೆವ ಅನ್ನುವ ಹದ್ದಿನ ಜಾತಿಯವು, ಇಲ್ಲಿಗೆ ನೂರುಗಟ್ಟಲೆ ಬರುತ್ತವೆ. ಹಗಲೆಲ್ಲ ಸುತ್ತಲಿನ ಹೊಲಗಳ ಮೇಲೆ ತಗ್ಗಿನಲ್ಲೇ ಹಾರಾಡಿ ಮಿಡತೆ, ಸಣ್ಣ ಹಕ್ಕಿ ಹಿಡಿಯುತ್ತವೆ. ಹೊತ್ತು ಮುಳುಗುವಾಗ ಎಲ್ಲ ಒಟ್ಟಾಗಿ ಹುಲ್ಲಿನ ನಡುವೆ ನೆಲದ ಮೇಲೇ ಇಳಿದು ಮಲಗುತ್ತವೆ.

ಇದನ್ನು ‘ಗೂಡು ಸೇರಿದವು’ ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಇವು ಗೂಡು ಕಟ್ಟುವುದು ಕಜಾಕಿಸ್ತಾನದ ಕಡೆ, ಅದೂ ಬೇಸಿಗೆಯಲ್ಲಿ. ಕೊಕ್ಕರೆ ಬೆಳ್ಳೂರಿನ ಕೊಕ್ಕರೆ ಗೂಡು ಸೇರಿತು ಅಂದರೆ ಸರಿ, ಅಲ್ಲಿ ಹುಣಸೆಮರದ ಮೇಲೆ ನಿಜವಾಗಿ ಗೂಡಿದೆ, ಮರಿಯಿದೆ. ಕೋಳಿಗೂಡಿನಲ್ಲಿ ಕೋಳಿ ಬರೀ ಮಲಗುತ್ತದಲ್ಲ, ಗೂಡಿಗೆ ಆ ಅರ್ಥವೂ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಒಪ್ಪಿದೆ, ಆದರೂ ಅದು ಕಟ್ಟಿದ ಜಾಗ. ಇಲ್ಲಿ ಕಟ್ಟಿದ್ದು ಏನೂ ಇಲ್ಲ.

ಮರ, ಕೊಂಬೆ ನೆನಪಿಸುವ ಪದವೂ ಆಗುವುದಿಲ್ಲ. ಕಛ್‌ನ ರಣ್‌ನಲ್ಲಿ ಕ್ರೌಂಚಗಳು ಆಳವಿಲ್ಲದ ನೀರಿನಲ್ಲಿ ನಿಂತೇ ರಾತ್ರಿ ಕಳೆಯುತ್ತವೆ, ನರಿ ಬಂದರೆ ನೀರಿನ ಸದ್ದಿಗೇ ಗೊತ್ತಾಗಲಿ ಅಂತ. ಬೀಡು ಅಂದರೆ ದಂಡು ಬಂದ ಹಾಗೆ ಕೇಳುತ್ತದೆ. ತಂಗುದಾಣ ಅರ್ಥಕ್ಕೆ ಹೊಂದುತ್ತದೆ, ಏನು ಮಾಡುವುದು, ಅದನ್ನು ಬಸ್ಸಿನವರು ಆಗಲೇ ಹಿಡಿದುಕೊಂಡಿದ್ದಾರೆ!

ಬಸ್ಸು ಅಂದಾಗಲೇ ‘ವಸ್ತಿ’ ಹೊಳೆದದ್ದು. ಉತ್ತರ ಕರ್ನಾಟಕದಲ್ಲಿ ರಾತ್ರಿ ಊರಿಗೆ ಬಂದು ಅಲ್ಲೇ ನಿಂತು ಬೆಳಗ್ಗೆ ಹೊರಡುವುದು ವಸ್ತಿ ಬಸ್ಸು. ‘ನಿನ್ನೆ ಅಕ್ಕನ ಮನ್ಯಾಗ ವಸ್ತಿ ಇದ್ದೆ’ ಅನ್ನುತ್ತಾರೆ. ಮನೆ ಯಾರದಾದರೂ ಇರಲಿ, ರಾತ್ರಿ ಅಲ್ಲಿ ಕಳೆಯಿತು, ಅಷ್ಟೇ. ನನಗೆ ಬೇಕಾದದ್ದೂ ಇಷ್ಟೇ. ಮರವಾಗಲಿ ನೆಲವಾಗಲಿ ನೀರಾಗಲಿ, ಎಲ್ಲಕ್ಕೂ ಕೂಡುತ್ತದೆ. ‘ಸೆಳೆವಗಳು ಹುಲ್ಲಿನಲ್ಲಿ ವಸ್ತಿ ಮಾಡುತ್ತವೆ’ ಅನ್ನಬಹುದು. ಜಾಗಕ್ಕೂ ಒಂದು ಹೆಸರು ಬೇಕೇ ಬೇಕು, ಯಾಕೆಂದರೆ ಹಕ್ಕಿ ಎಣಿಸುವವರು ಸಂಜೆ ಕಾಯುವುದು ಅಲ್ಲೇ, ಅರಗದೆ ಉಳಿದದ್ದನ್ನು ಅವು ಉಗುಳಿದ ಉಂಡೆ ಬಿಡಿಸಿ ಏನು ತಿಂದಿವೆ ಅಂತ ನೋಡುವುದೂ ಅಲ್ಲೇ. ಅದಕ್ಕೆ ‘ವಸ್ತಿ ಜಾಗ’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಮೈಸೂರು, ಬೆಂಗಳೂರು ಕಡೆಯವರಿಗೆ ಇದು ವಸತಿ ಯೋಜನೆ ಥರ ಕೇಳುತ್ತದಾ? ಸುಮ್ನೆ ಅಂದಾಜಿನಲ್ಲಲ್ಲ, ಓದಿದಾಗ ನಿಜವಾಗಿ ಅನ್ನಿಸಿದ್ದನ್ನು ಹೇಳಿ. ಇನ್ನೊಂದು, ಸೆಳೆವಗಳು ನಮ್ಮ ಹೆಸರಘಟ್ಟದ ಹುಲ್ಲುಗಾವಲಿಗೂ, ಬಳ್ಳಾರಿ ಕಡೆಯ ಎರೆಭೂಮಿಗೂ ಬರುತ್ತವೆ. ಅಲ್ಲಿ ಕುರಿ ಕಾಯುವವರು ಇವನ್ನು ದಿನಾ ನೋಡುತ್ತಾರೆ, ಅವರ ಬಾಯಲ್ಲಿ ಇದಕ್ಕೊಂದು ಮಾತು ಇದ್ದೇ ಇರುತ್ತದೆ. ಆ ಕಡೆಯವರು ಯಾರಾದರೂ ಇದ್ದರೆ ಕೇಳಿ ತಿಳಿಸುತ್ತೀರಾ?