ಹಳೇ ಮಹೀಂದ್ರಾ ಎಂಎಂ 540 ಜೀಪ್: ಬಾನೆಟ್ ಒಳಗೆ ಏನೇನು ತೆಗೀಬಹುದು?

ಮಲ್ನಾಡ್ ಜೀಪು: ಮೂಡಿಗೆರೆ ಕಡೆ ತೋಟದ ಗಾಡಿ, ಪ್ಯೂಜೋ ಡೀಸೆಲ್ ಇಂಜಿನ್. ಬಾನೆಟ್ ಎತ್ತಿದ್ರೆ ಬರೀ ವೈರು, ಪೈಪು, ಹಳೇ ಓನರ್ ಹಾಕ್ಸಿದ್ದ ಏರ್ ಹಾರ್ನ್, ಎಲ್ಲೆಲ್ಲೋ ಟೇಪ್ ಸುತ್ತಿರೋ ಜಾಯಿಂಟು. ಎಲ್ಲಾ ಕಿತ್ತು ಕ್ಲೀನ್ ಮಾಡೋಣ ಅಂತಿದೀನಿ, ಯಾವ್ದು ಮುಟ್ಬಾರ್ದು ಹೇಳ್ರಪ್ಪ.

ಡೀಸೆಲ್ ಅಣ್ಣ: ಹಾರ್ನು, ಸತ್ತ ವೈರು ಕಣ್ಮುಚ್ಚಿ ತೆಗೀರಿ. ಆದ್ರೆ ಆಲ್ಟರ್ನೇಟರ್ ಹಿಂದೆ ವ್ಯಾಕ್ಯೂಮ್ ಪಂಪ್ ಇದ್ರೆ ಅದ್ರ ಹೋಸ್ ಪೆಡಲ್ ಹಗುರ ಮಾಡೋ ಬ್ರೇಕ್ ಬೂಸ್ಟರ್‌ಗೆ ಹೋಗತ್ತೆ, ಅದನ್ನ ಕಿತ್ರೆ ಘಾಟಿ ಇಳಿಯುವಾಗ ಪೆಡಲ್ ಕಲ್ಲಾಗತ್ತೆ. ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪ್ ಬಾಯಿ ಮುಚ್ಚೋದಂತೂ ಬೇಡ್ವೇ ಬೇಡ, ಒಳಗೆ ಪ್ರೆಷರ್ ಕಟ್ಟಿ ಆಯಿಲ್ ಸೀಲ್‌ಗಳಿಂದ ಸೋರತ್ತೆ.

ಕಾಫಿ ಗಾಡಿ: ಸ್ಟಾರ್ಟ್‌ಗೆ ಮುಂಚೆ ಇಂಜಿನ್ ಒಳಗೆ ಬಿಸಿ ಮಾಡೋ ಹೀಟರ್ ಪ್ಲಗ್ ವೈರಿಂಗೂ ಹಾಗೇ ಬಿಡಿ ಸರ್, ಇದು ಇನ್‌ಡೈರೆಕ್ಟ್ ಇಂಜೆಕ್ಷನ್ (ಡೀಸೆಲ್ ಮೊದ್ಲು ಪಕ್ಕದ ಚಿಕ್ಕ ಕೋಣೆಗೆ ಬೀಳೋ) ಇಂಜಿನ್ನು, ಡಿಸೆಂಬರ್ ಬೆಳಗ್ಗೆ ಅದಿಲ್ದೆ ಸ್ಟಾರ್ಟ್ ಆಗಲ್ಲ. ನಂದ್ರಲ್ಲಿ ಹೆಡ್‌ಲೈಟ್‌ಗೆ ಬೇರೆ ರಿಲೇ (ಸ್ವಿಚ್ ಬದ್ಲು ಜಾಸ್ತಿ ಕರೆಂಟ್ ಹೊರೋದು), ಫ್ಯೂಸ್ ಹಾಕ್ಸಿದ್ಮೇಲೆ ಸ್ವಿಚ್ ಬಿಸಿ ಆಗೋದು ನಿಂತೋಯ್ತು, ಬೆಳಕೂ ಜಾಸ್ತಿ ಆಯ್ತು.

ಮಲ್ನಾಡ್ ಜೀಪು: ಸೂಪರ್. ಇಂಜಿನ್ನಿಂದ ಚಾಸಿಗೆ ಹೋಗೋ ಅರ್ತ್ ಪಟ್ಟಿ ಹಸಿರು ಕಟ್ಟಿದೆ, ಹೊಸದು ಹಾಕ್ಲಾ?

ಡೀಸೆಲ್ ಅಣ್ಣ: ಮೊದ್ಲು ಅದೇ ಮಾಡಿ, ಕೂರೋ ಜಾಗದ ಪೇಂಟ್ ಉಜ್ಜಿ ತೆಗ್ದು ಟೈಟ್ ಮಾಡಿ.