ಕ್ರೋಯ್ಕ್ ಚರ್ಚಿನ ಕಿಟಕಿ ಬರಹ: ಕಾರಿಲ್ಲದೆ ಹೋಗೋದು ಹೇಗೆ, ಅಲ್ಲಿ ಏನೇನು ನೋಡಬೇಕು?

ಬೆಟ್ಟದಾರಿ ಕೇಳಿದ್ದು:
ಜೂನ್‌ನಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಎರಡು ದಿನ ಇರ್ತೀವಿ. ಕ್ರೋಯ್ಕ್‌ನ ಹಳೇ ಪ್ರೆಸ್ಬಿಟೇರಿಯನ್ (ಪ್ರೊಟೆಸ್ಟೆಂಟ್ ಪಂಗಡದ) ಚರ್ಚು ನೋಡೋ ಆಸೆ, ಮುಖ್ಯವಾಗಿ ಒಕ್ಕಲೆಬ್ಬಿಸಿದ ರೈತರು ಕಿಟಕಿ ಗಾಜಿನ ಮೇಲೆ ಗೀಚಿದ ಬರಹ. ಕಾರು ಇಲ್ಲದೆ ಆಗುತ್ತಾ? ಒಳಗೆ ನಿಂತು ಗಾಜಿನ ಫೋಟೋ ತೆಗೆಯೋಕೆ ಯಾವ ಹೊತ್ತು ಒಳ್ಳೇದು? ಇಂಥ ಚರ್ಚಿನಲ್ಲಿ ಬೇರೆ ಏನು ಗಮನಿಸಬೇಕು?

ಗಾಜುಗಣ್ಣು:
ಒಳಗೆ ನಿಂತರೆ ಅಕ್ಷರ ತಿರುಗುಮುರುಗಾಗಿ ಕಾಣುತ್ತೆ. ಗೀಚಿದ್ದು ಹೊರಗಿನಿಂದ. 1845ರ ಮೇ ತಿಂಗಳಲ್ಲಿ ಕುರಿ ಸಾಕಣೆಗೆ ಜಾಗ ಮಾಡಲು ಗ್ಲೆನ್‌ಕಾಲ್ವಿ ಕಣಿವೆಯ ಒಕ್ಕಲುಗಳನ್ನು ಎಬ್ಬಿಸಿದಾಗ ಸುಮಾರು 80 ಜನ ಚರ್ಚಿನ ಅಂಗಳದಲ್ಲೇ ಗುಡಾರ ಹಾಕಿಕೊಂಡಿದ್ದರು, ಒಳಗಲ್ಲ. ಪೂರ್ವದ ಕಿಟಕಿಯ ವಜ್ರಾಕಾರದ ಸಣ್ಣ ಗಾಜುಗಳನ್ನು ಒಂದೊಂದಾಗಿ ನೋಡಿ. ಮಾತೃಭಾಷೆ ಗೇಲಿಕ್ ಆದರೂ ಬರೆದದ್ದು ಇಂಗ್ಲಿಷಿನಲ್ಲಿ. ಒಂದರಲ್ಲಿ ತಮ್ಮನ್ನೇ ‘ದುಷ್ಟ ಪೀಳಿಗೆ’ ಅಂತ ಕರೆದುಕೊಂಡಿದ್ದಾರೆ. ಬಂದ ಕಷ್ಟವೂ ತಮ್ಮ ಪಾಪದ ಫಲ ಅಂತ ನಂಬಿದ್ದ ಕಾಲ, ಓದಿದರೆ ಹೊಟ್ಟೆ ಚುರುಕ್ ಅನ್ನುತ್ತೆ.

ಫೋಟೋ ವಿಷಯ: ಗೀರು ಕಾಣಬೇಕಾದರೆ ಬೆಳಕು ಗಾಜಿನ ಮೇಲೆ ಓರೆಯಾಗಿ ಸವರಿ ಹೋಗಬೇಕು. ಹೊರಗೆ ಕಿಟಕಿ ಎದುರು ನಿಂತರೆ ಬೆಳಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರ್ತಾನೆ, ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ. ಅಲ್ಲಿ ಬೇಸಿಗೆ ಗಡಿಯಾರದ ಪ್ರಕಾರ ಸೂರ್ಯ ನೆತ್ತಿಗೆ ಬರೋದು ಸುಮಾರು 1:20ಕ್ಕೆ, ಹಾಗಾಗಿ 12ರಿಂದ 1ರವರೆಗೆ ಬಿಸಿಲು ದಕ್ಷಿಣದಿಂದ ಅಡ್ಡಡ್ಡ ಬೀಳುತ್ತೆ. ಆಟೋಫೋಕಸ್ ಗಾಜು ಬಿಟ್ಟು ಒಳಗಿನ ಬೆಂಚು ಹಿಡಿಯುತ್ತೆ. ಫೋನಾದರೆ ಗಾಜಿನ ನಡುವಿನ ಸೀಸದ ಪಟ್ಟಿಯ ಮೇಲೆ ಒತ್ತಿ ಫೋಕಸ್ ಲಾಕ್ ಮಾಡಿ. ಹಿಂದೆ ಕತ್ತಲಿದ್ದಷ್ಟೂ ಅಕ್ಷರ ಬೆಳ್ಳಗೆ ಎದ್ದು ಬರುತ್ತೆ, ಒಳಗಿನ ದೀಪ ಹಾಕಬೇಡಿ. ಫ್ಲಾಶ್ ದಂಡ. ಬೆರಳಿನಿಂದ ಅಕ್ಷರ ಸವರಬೇಡಿ, ಗಾಜು ಹಳೇದು.

ಒಂಟಿಹಳಿ:
ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೋಗೋ ರೈಲಿನಲ್ಲಿ ಆರ್ಡ್‌ಗೈ ನಿಲ್ದಾಣ, ಹೆಚ್ಚುಕಮ್ಮಿ ಒಂದೂವರೆ ಗಂಟೆ. ಅಲ್ಲಿಂದ ಸ್ಟ್ರಾತ್‌ಕ್ಯಾರನ್ ಕಣಿವೆಯೊಳಗೆ 16 ಕಿ.ಮೀ., ರಸ್ತೆ ಮುಗಿಯೋ ಕಡೆ ಚರ್ಚು. ಬಸ್ಸಿನ ಭರವಸೆ ಬೇಡ. ಟ್ಯಾಕ್ಸಿ ಹಿಂದಿನ ದಿನವೇ ಹೇಳಿಡಿ, ನಿಲ್ದಾಣದಲ್ಲಿ ಕಾಯ್ತಾ ನಿಂತಿರಲ್ಲ. ‘ಅಲ್ಲೇ ಒಂದು ಗಂಟೆ ಕಾಯಬೇಕು’ ಅಂತ ಮೊದಲೇ ಒಪ್ಪಿಸಿ. ದಿನಕ್ಕೆ ಓಡೋ ರೈಲುಗಳೇ ಕೆಲವು, ವಾಪಸ್ ರೈಲಿನ ಹೊತ್ತು ನೋಡಿಕೊಂಡು ಉಳಿದದ್ದು ಜೋಡಿಸಿ. ನಕ್ಷೆ ಫೋನಿಗೆ ಇಳಿಸಿಕೊಂಡಿರಿ.

ಕೊನೆಗೆ ಕಾರು ಬಾಡಿಗೆಗೆ ತಗೊಂಡರೆ: ಒಂದೇ ಗಾಡಿ ಹಿಡಿಯೋ ರಸ್ತೆ. ದಾರಿ ಬಿಡೋ ಜಾಗ ಎಡಕ್ಕಿದ್ದರೆ ಒಳಗೆ ಸರಿಯಿರಿ, ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಲ್ಲಿ, ಅಡ್ಡ ದಾಟಬೇಡಿ. ಫೋಟೋಗೆ ಅಂತ ಆ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಬೈಸಿಕೊಳ್ತೀರಿ. ಜೂನ್ ಅಂದರೆ ಮಿಜ್ ಅನ್ನೋ ಕಚ್ಚುವ ಸಣ್ಣ ನೊಣದ ಕಾಲ. ಗಾಳಿ ನಿಂತ ಮೋಡದ ದಿನ ಮುತ್ತಿಕೊಳ್ಳುತ್ತವೆ, ತಲೆಗೆ ಹಾಕೋ ಬಲೆ ಇಟ್ಟುಕೊಳ್ಳಿ.

ಸಾಲುಬೆಂಚು:
ಮೂರನೇ ಪ್ರಶ್ನೆಗೆ. ಬಣ್ಣದ ಗಾಜು, ವಿಗ್ರಹ, ಬಲಿಪೀಠ ಹುಡುಕಿದರೆ ಐದು ನಿಮಿಷದಲ್ಲಿ ‘ಏನೂ ಇಲ್ಲ’ ಅಂತ ಹೊರಗೆ ಬರ್ತೀರಿ. ಈ ಕಟ್ಟಡ ಕಟ್ಟಿರೋದು ಪ್ರವಚನ ಕೇಳೋಕೆ. ಮೊದಲು ಪಾದ್ರಿ ನಿಲ್ಲೋ ಪೀಠ ಎಲ್ಲಿದೆ ನೋಡಿ: ಹಳೇ ಸ್ಕಾಟಿಷ್ ಚರ್ಚುಗಳಲ್ಲಿ ಅದು ಹೆಚ್ಚಾಗಿ ಉದ್ದ ಗೋಡೆಯ ಮಧ್ಯದಲ್ಲಿ, ಬೆಂಚುಗಳೆಲ್ಲ ಅದರ ಕಡೆಗೆ. ಕ್ರೋಯ್ಕ್ ನಕ್ಷೆ ಟಿ ಆಕಾರದ್ದಾಗಿರೋದು ಅದಕ್ಕೇ, ಮೂರು ಕಡೆಯಿಂದಲೂ ಜನ ಪೀಠದ ಹತ್ತಿರ ಕೂರಬಹುದು. ಪೀಠದ ಕೆಳಗೆ ಚಿಕ್ಕ ಮೇಜಿನಂಥದ್ದಿದ್ದರೆ ಅದು ಕೀರ್ತನೆ ಎತ್ತಿಕೊಡುವವನ ಜಾಗ. ಅವನು ಒಂದು ಸಾಲು ಹಾಡ್ತಾನೆ, ಸಭೆ ಹಿಂದೆ ಹಾಡುತ್ತೆ; ಆರ್ಗನ್ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚುಗಳೊಳಗೆ ನೆಲೆಯೂರತೊಡಗಿದ್ದೇ 1860ರ ದಶಕದಲ್ಲಿ, ಅದೂ ಜಗಳದ ಮೇಲೆ. ಆಮೇಲೆ ನಡುವಿನ ಉದ್ದ ಮೇಜು. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ವಿಧಿ) ಮಂಡಿಯೂರದೆ ಮೇಜಿನ ಸುತ್ತ ಕೂರೋದು ಇವರ ಪದ್ಧತಿ. ಅನೇಕ ಚರ್ಚುಗಳಲ್ಲಿ ಆ ಮೇಜು ತೆಗೆದುಹಾಕಿದ್ದಾರೆ, ಇಲ್ಲಿ ಉಳಿದಿದೆ.

ಕಟ್ಟಡ 1827ರದ್ದು, ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಉಸ್ತುವಾರಿಯದ್ದು. 1823ರ ಕಾಯ್ದೆಯಲ್ಲಿ ಸರ್ಕಾರ ಹೈಲ್ಯಾಂಡ್ಸ್‌ಗೆ (ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ) ಚರ್ಚು ಕಟ್ಟಲು 50,000 ಪೌಂಡ್ ಕೊಟ್ಟು, ಚರ್ಚು ಮತ್ತು ಪಾದ್ರಿ ಮನೆ ಸೇರಿ 1,500 ಪೌಂಡ್ ಮೀರಬಾರದು ಅಂದರು. ಆ ಹಣದಲ್ಲಿ ಕಟ್ಟಿದ 32 ಚರ್ಚುಗಳೂ ಹೆಚ್ಚುಕಮ್ಮಿ ಅಣ್ಣತಮ್ಮಂದಿರ ಥರ ಕಾಣೋದು ಅದಕ್ಕೇ. ಟ್ಯಾಕ್ಸಿ ಹೊಂದದಿದ್ದರೆ ಉಲ್ಲಾಪೂಲ್‌ಗೆ ಹೋಗಿ, ಇನ್ವರ್ನೆಸ್‌ನಿಂದ ನೇರ ಬಸ್ಸಿದೆ. ಅಲ್ಲಿನ 1829ರ ಟೆಲ್ಫರ್ಡ್ ಚರ್ಚು ಈಗ ಮ್ಯೂಸಿಯಂ, ಪೀಠ ಹಾಗೇ ಇದೆ. ಕಿಟಕಿ ಬರಹ ಮಾತ್ರ ಸಿಗಲ್ಲ.

ಬೆಟ್ಟದಾರಿ:
ಕೃತಜ್ಞತೆಗಳು! ಸಮಾಧಿಕಲ್ಲುಗಳ ಬರಹ ಓದೋಕೆ ಸೀಮೆಸುಣ್ಣ ಉಜ್ಜಬಹುದಾ? ಭಾನುವಾರ ಆರಾಧನೆಯೂ ಸಿಗುತ್ತಾ?

ಸಾಲುಬೆಂಚು:
ಸೀಮೆಸುಣ್ಣ, ಹಿಟ್ಟು, ಬ್ರಷ್ ಯಾವುದೂ ಬೇಡ. ಮರಳುಗಲ್ಲು ಪದರ ಬಿಡುತ್ತೆ, ಕಲ್ಲುಹೂವು ಕಿತ್ತರೆ ಜೊತೆಗೆ ಅಕ್ಷರವೂ ಬರುತ್ತೆ. ಕಲ್ಲಿನ ಪಕ್ಕದಿಂದ ಟಾರ್ಚ್ ಓರೆಯಾಗಿ ಹಿಡಿಯಿರಿ, ಸಾಕು. ವಾಲಿದ ಕಲ್ಲಿಗೆ ಒರಗಬೇಡಿ. ಅಂಗಳದ ಅಂಚಿನಲ್ಲಿ ಕಲ್ಲುಗುಡ್ಡೆ ಕಂಡರೆ ಅದು ಸಮಾಧಿಯಲ್ಲ, ಚರ್ಚಿಗಿಂತ ಎಷ್ಟೋ ಹಳೆಯ ಬ್ರೋಕ್ ಅನ್ನೋ ದುಂಡನೆಯ ಕಲ್ಲುಗೋಪುರದ ಅವಶೇಷ.

ಪ್ರತಿ ಭಾನುವಾರ ಆರಾಧನೆ ಇರುತ್ತೆ ಅಂದುಕೊಂಡು ಹೋಗಬೇಡಿ. ಚರ್ಚ್ ಆಫ್ ಸ್ಕಾಟ್ಲೆಂಡ್ ಈಚೆಗೆ ಎಷ್ಟೋ ಕಟ್ಟಡ ಮುಚ್ಚಿ ಮಾರುತ್ತಿದೆ, ಬಾಗಿಲು ತೆರೆದಿದೆಯೇ ಅಂತಲೂ ಆ ವಾರವೇ ವಿಚಾರಿಸಿ. ಬೀಗ ಬಿದ್ದಿದ್ದರೆ ಮೇಜು, ಪೀಠ ತಪ್ಪುತ್ತೆ, ಅಷ್ಟೇ. ಕಿಟಕಿ ಓದೋದು ಹೇಗೂ ಹೊರಗಿನಿಂದ.