ಸಹಾಯ ಬೇಕು: ದಾವಣಗೆರೆಯಲ್ಲಿ ವೆಟ್ ಗ್ರೈಂಡರ್ ಎಲ್ಲಿ ಕೊಳ್ಳುವುದು?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಎರಡು ಲೀಟರಿನ, ಹಿಟ್ಟು ಬಗ್ಗಿಸಿ ಸುರಿಯಲು ಬರುವ ವೆಟ್ ಗ್ರೈಂಡರ್ ಬೇಕಾಗಿದೆ. ಅವರನ್ನೇ ಕರೆದುಕೊಂಡು ನಗರದ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆ. ಒಮ್ಮೆ ಚಾಲೂ ಮಾಡಿ ತೋರಿಸಿ ಎಂದರೆ ಅಲ್ಲಿನ ಹುಡುಗ ಮೊಬೈಲಿನಿಂದ ತಲೆಯೆತ್ತದೆ, "ಡಬ್ಬ ತೆರೆದರೆ ಕೊಳ್ಳಲೇಬೇಕು" ಎಂದ. ಬಿಲ್ ಹಾಕುವಾಗ ಎಂಆರ್‌ಪಿಯ ಮೇಲೆ ಜಿಎಸ್‌ಟಿ ಬೇರೆ ಸೇರಿಸಿದರು! ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ, ಡಬ್ಬದ ಮೇಲೇ ಹಾಗೆಂದು ಅಚ್ಚಾಗಿತ್ತು. ಅದನ್ನು ಬೆರಳಿಟ್ಟು ತೋರಿಸಿದ್ದಕ್ಕೆ, "ಬೇಕಾದರೆ ತೆಗೆದುಕೊಳ್ಳಿ, ಇಲ್ಲವಾದರೆ ಬಿಡಿ" ಎಂಬ ಉತ್ತರ. ವಯಸ್ಸಾದ ಅಮ್ಮನ ಎದುರಿಗೆ ಆಡುವ ಮಾತೇ ಅದು? ಬಿಟ್ಟು ಬಂದೆವು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವವಳಿದ್ದೇನೆ.

ಮಂಡಿಪೇಟೆ, ಅಶೋಕ ರಸ್ತೆ, ಪಿ.ಜೆ. ಬಡಾವಣೆ ಕಡೆ ಚಾಲೂ ಮಾಡಿ ತೋರಿಸಿ, ಚೌಕಾಸಿಗೂ ಒಪ್ಪಿ, ಪಕ್ಕಾ ಬಿಲ್ ಕೊಡುವ ಅಂಗಡಿ ಯಾವುದಿದೆ? ಆನ್‌ಲೈನಿನಲ್ಲಿ ಕಡಿಮೆ ಬೆಲೆ ಕಾಣುತ್ತಿದೆ, ಆದರೆ ಕಲ್ಲು ಬಿರುಕು ಬಿಟ್ಟು ಬಂದರೆ ಯಾರನ್ನು ಕೇಳುವುದು? ಬೆಲ್ಟ್ ಹಾಳಾದರೆ ಊರಿನಲ್ಲೇ ರಿಪೇರಿಯಾಗುವ ಕಂಪನಿಯದೇ ಆಗಬೇಕು. ಇತ್ತೀಚೆಗೆ ಕೊಂಡವರಿದ್ದರೆ ನೀವು ಕೊಟ್ಟ ಬೆಲೆಯನ್ನೂ ದಯವಿಟ್ಟು ತಿಳಿಸಿ.